ಗಡುವು ಮುಂದೆ ಹೋಯಿತು, ಕಾಸು ಅಲ್ಲೇ ನಿಂತಿತು

ಕೊರೋನಾ ಮುಗಿದು ಇಷ್ಟು ವರ್ಷ ಕಳೆದರೂ ಅದರ ಹೆಸರು ಹೇಳಿಕೊಂಡು ಪಿಎಚ್‌ಡಿ ಎಳೆಯುವವರಿದ್ದಾರಲ್ಲ ಎಂದು ನಗುವವರು ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಯಲ್ಲೂ ಇದ್ದಾರೆ, ಮಣಿಪಾಲದಲ್ಲೂ ಇದ್ದಾರೆ. ಅವರ ಲೆಕ್ಕ ಸರಳ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು, ಜೂನ್ ಹೊತ್ತಿಗೆ ಸಡಿಲವಾಯಿತು. ಮರುವರ್ಷ ಎರಡನೇ ಅಲೆಯಲ್ಲಿ ಮತ್ತೆರಡು ತಿಂಗಳು ಬಾಗಿಲು ಹಾಕಿತು. ಎಲ್ಲ ಸೇರಿಸಿದರೂ ನಾಲ್ಕೈದು ತಿಂಗಳು. ಅಷ್ಟನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ವಾಪಸ್ ಕೊಟ್ಟಿದೆ. ಮತ್ತೇನು ತಕರಾರು?

ತಕರಾರು ಆ ಕೂಡಿಸುವ ಲೆಕ್ಕದಲ್ಲೇ ಇದೆ. ಸಂಶೋಧನೆ ಮಾಡುವವರ ತಲೆಯ ಮೇಲೆ ಗಡುವು ಒಂದೇ ಇರುವುದಿಲ್ಲ. ಥೀಸಿಸ್ ಕೊಡುವ ಕೊನೆಯ ದಿನ ಒಂದು, ಫೆಲೋಶಿಪ್ ನಿಲ್ಲುವ ತಿಂಗಳು ಇನ್ನೊಂದು, ನೇಮಕಾತಿಯ ವಯೋಮಿತಿ ಮತ್ತೊಂದು. ಫೀಲ್ಡಿಗೆ ಹೋಗುವವರಿಗೆ ಋತುವಿನದೂ ಒಂದು ಗಡುವು. ಸಾಂಕ್ರಾಮಿಕ ಬಂದಾಗ ಕೆಲಸ ನಿಂತಿತು. ಸರ್ಕಾರ ಮುಂದಕ್ಕೆ ಹಾಕಿದ್ದು ಮೊದಲನೆಯ ಗಡುವನ್ನು. ಉಳಿದವು ತಮ್ಮ ಪಾಡಿಗೆ ಓಡುತ್ತಲೇ ಇದ್ದವು. ಒಂದು ನಿಂತು ಇನ್ನೊಂದು ಓಡಿದಾಗ ಉಂಟಾದ ಅಂತರದಲ್ಲಿ ಎಷ್ಟೋ ಜನರ ವೃತ್ತಿ ಸಿಕ್ಕಿಬಿದ್ದಿದೆ.

ಎರಡು ತಿಂಗಳು ಹೋದರೆ ಒಂದು ವರ್ಷ

ಕರಾವಳಿಯಲ್ಲಿ ಋತುವಿನ ಗಡುವು ಎಷ್ಟು ಬಿಗಿ ಎಂಬುದನ್ನು ಬೇರೆ ಊರಿನವರಿಗೆ ಹೇಳಿ ತಿಳಿಸುವುದು ಕಷ್ಟ. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಸುಮಾರಿಗೆ ಶುರುವಾಗಿ ಪತ್ತನಾಜೆಗೆ ಮುಗಿಯುತ್ತದೆ. ಅಂದರೆ ತುಳುವರ ಬೇಶ ತಿಂಗಳ ಹತ್ತು, ಹೆಚ್ಚಾಗಿ ಮೇ 24 ಅಥವಾ 25. ಅಂದು ಗೆಜ್ಜೆ ಬಿಚ್ಚಿದರೆ ಮೇಳಗಳಿಗೆ ಆಟವಿಲ್ಲ, ದೈವಗಳಿಗೆ ನೇಮವಿಲ್ಲ. ಮಳೆಗಾಲ ಕಳೆದು ದೀಪಾವಳಿ ಬರಬೇಕು. ಮಾರ್ಚ್‌ನಿಂದ ಮೇವರೆಗೆ ಊರೂರಲ್ಲಿ ನೇಮ, ಕೋಲ, ಜಾತ್ರೆ, ಬಯಲಾಟಗಳ ಭರಾಟೆ. ಲಾಕ್‌ಡೌನ್ ಬಂದು ಬಿದ್ದದ್ದು ಸರಿಯಾಗಿ ಅದರ ಮೇಲೆ.

ಚೆಂಡೆ ಮದ್ದಳೆಯ ನಡೆಯನ್ನೋ ದೈವದ ನುಡಿಕಟ್ಟನ್ನೋ ಅಧ್ಯಯನ ಮಾಡುವ ಸ್ಕಾಲರ್‌ಗೆ ಆಗ ಹೋದದ್ದು ಎರಡು ತಿಂಗಳಲ್ಲ. ಜೂನ್‌ನಲ್ಲಿ ಬಸ್ಸು ಬಿಟ್ಟರೂ ಹೋಗಿ ನೋಡುವುದಕ್ಕೆ ಏನೂ ಇಲ್ಲ. ಮುಂದಿನ ಅವಕಾಶ ವರ್ಷದ ಕೊನೆಗೆ. ಆ ತಿರುಗಾಟವೂ ನಿರ್ಬಂಧಗಳ ನಡುವೆ ಕುಂಟುತ್ತ ಶುರುವಾಗಿ 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆಗೆ ಸಿಕ್ಕಿ ಮತ್ತೆ ನಿಂತಿತು. ಕಚೇರಿಯ ಕ್ಯಾಲೆಂಡರಿನಲ್ಲಿ ನಾಲ್ಕೈದು ತಿಂಗಳಾಗಿ ಕಂಡದ್ದು ಫೀಲ್ಡ್ ಡೈರಿಯಲ್ಲಿ ಎರಡು ವರ್ಷ.

ನಾಟಿ ಗದ್ದೆಯಲ್ಲಿ ಹಾಡುವ ತುಳು ಕಥನಗೀತೆ ಪಾಡ್ದನವನ್ನು ಸಂಗ್ರಹಿಸುವವರ ಪಾಡು ಇನ್ನೂ ಕಷ್ಟದ್ದು. ನಾಟಿ ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಉದ್ದದ ಪಾಡ್ದನವನ್ನು ಪೂರ್ತಿ ಹಾಡಬಲ್ಲವರು ಹೆಚ್ಚಾಗಿ ಅರವತ್ತು, ಎಪ್ಪತ್ತು ದಾಟಿದ ಹೆಂಗಸರು. ಆಗ ಯಾರ ಮನೆಗೆ ಕಾಲಿಡಬಾರದಿತ್ತೋ ಅವರೇ ಇವರು. ಫೋನಿನಲ್ಲಿ ಹಾಡಿಸಿಕೊಳ್ಳಬಹುದಲ್ಲ ಎಂದು ಸಲಹೆ ಕೊಟ್ಟವರಿದ್ದರು. ಮೊಮ್ಮಗಳ ಮೊಬೈಲ್ ಹಿಡಿದು, ಮುಖ ಕಾಣದವರಿಗಾಗಿ, ಜೊತೆಗೆ ಸೊಲ್ಲೆತ್ತುವವರಿಲ್ಲದೆ ಒಬ್ಬರೇ ಹಾಡಿ ಎಂದರೆ ಯಾರಿಗೆ ಹಾಡು ಬರುತ್ತದೆ? ನಾಲ್ಕು ಸಾಲಾದ ಮೇಲೆ “ಇನ್ನು ನೆನಪಾಗುವುದಿಲ್ಲ ಮಗಾ, ನೀನು ಬಾ, ಆಗ ಹೇಳುತ್ತೇನೆ” ಎನ್ನುತ್ತಾರೆ. ಹೋಗುವ ಹೊತ್ತಿಗೆ ಕೆಲವರು ಇರಲಿಲ್ಲ. ಯಾವ ವಿಸ್ತರಣೆ ಆದೇಶವೂ ಈ ನಷ್ಟವನ್ನು ತುಂಬಿಕೊಡಲಾರದು, ಹಾಗಾಗಿ ಥೀಸಿಸ್‌ನ ವಿಷಯವನ್ನೇ ಬದಲಿಸಿಕೊಂಡವರಿದ್ದಾರೆ.

ಮೀನುಗಾರಿಕೆಯ ಅಧ್ಯಯನದಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ನಡೆಯಿತು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಪ್ರತಿವರ್ಷ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. 2020ರಲ್ಲಿ ಮಾರ್ಚ್ ಕೊನೆಗೇ ಮಲ್ಪೆಯಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಬೋಟುಗಳು ಸಾಲಾಗಿ ನಿಂತವು. ಮೀನುಗಾರರಿಗೆ ಆದ ನಷ್ಟ ನೋಡಿ ಕೇಂದ್ರ ಸರ್ಕಾರ ಆ ವರ್ಷದ ನಿಷೇಧವನ್ನು ಜೂನ್ 15ರಿಂದ ಆರಂಭಿಸಿ 47 ದಿನಕ್ಕೆ ಇಳಿಸಿತು. ಬೋಟಿನವರಿಗೆ ಸಿಕ್ಕಿದ ಆ ಎರಡು ವಾರ ಸಂಶೋಧಕರಿಗೆ ತಲೆನೋವಾಯಿತು. ಹತ್ತು ವರ್ಷದ ಏಪ್ರಿಲ್ ಮೀನನ್ನು ಏಪ್ರಿಲ್ ಮೀನಿನ ಜೊತೆ ಹೋಲಿಸುವ ಕೆಲಸದಲ್ಲಿ ಒಂದು ಏಪ್ರಿಲ್ ಖಾಲಿ, ಒಂದು ಜೂನ್ ವಿಚಿತ್ರ. ಏಲಂ ನಡೆಯುವ ಕಡೆ ನಿಂತು ಬುಟ್ಟಿ ಲೆಕ್ಕ ಬರೆದುಕೊಳ್ಳುವವರಿಗೆ ಬುಟ್ಟಿಯೇ ಇರಲಿಲ್ಲ. ನೇತ್ರಾವತಿ ಅಳಿವೆಯ ನೀರನ್ನು ಮಳೆಗಾಲದ ಮೊದಲು, ಮಳೆಗಾಲದಲ್ಲಿ, ಆಮೇಲೆ ಎಂದು ಮೂರು ಸಲ ತೆಗೆದು ಪರೀಕ್ಷಿಸುವವರ ಕೋಷ್ಟಕದಲ್ಲೂ ಮೊದಲ ಕಾಲಂ ಖಾಲಿ ಉಳಿಯಿತು. ಹೀಗೆ ತೂತು ಬಿದ್ದ ದತ್ತಾಂಶವನ್ನು ಜರ್ನಲ್‌ಗೆ ಕಳಿಸಿದರೆ ರಿವ್ಯೂವರ್ ಮೊದಲು ಬೆರಳಿಡುವುದೇ ಅಲ್ಲಿಗೆ: ಇನ್ನೊಂದು ವರ್ಷದ ಮಾದರಿ ಸೇರಿಸಿ ಎನ್ನುತ್ತಾರೆ. ಇನ್ನೊಂದು ವರ್ಷಕ್ಕೆ ಫೆಲೋಶಿಪ್ ಎಲ್ಲಿದೆ?

ಐದು ವರ್ಷ ಅಂದರೆ ಐದೇ ವರ್ಷ

ಯುಜಿಸಿ ಥೀಸಿಸ್ ಸಲ್ಲಿಕೆಗೆ ಮೊದಲು ಆರು ತಿಂಗಳು ಹೆಚ್ಚುವರಿ ಕೊಟ್ಟಿತು, ಆಮೇಲೆ ಕಂತು ಕಂತಾಗಿ ಮುಂದೂಡಿತು. ಸಬ್ಮಿಟ್ ಮಾಡುವ ಮುಂಚೆ ಒಂದು ಪ್ರಕಟಿತ ಲೇಖನ, ಎರಡು ಸಮ್ಮೇಳನದ ಪ್ರಬಂಧ ಇರಬೇಕೆಂಬ 2016ರ ನಿಯಮಕ್ಕೂ ಹಾಗೆಯೇ ಸಮಯ ಕೊಟ್ಟಿತು. ಒಳ್ಳೆಯದೇ. ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಸಾಲು ಇತ್ತು: ಫೆಲೋಶಿಪ್ಪಿನ ಅವಧಿ ಮಾತ್ರ ಐದು ವರ್ಷವೇ.

ಇದರ ಅರ್ಥ ರೂಪಾಯಿಯಲ್ಲಿ ಏನಾಗುತ್ತದೆ ಎಂದು ನೋಡೋಣ. 2016ರ ಆಗಸ್ಟ್‌ನಲ್ಲಿ ಸೇರಿದ ಒಬ್ಬ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸ್ಕಾಲರ್ ಇದ್ದಾಳೆ ಎಂದುಕೊಳ್ಳಿ. ಎರಡು ವರ್ಷ ಜೆಆರ್‌ಎಫ್, ಮೂರು ವರ್ಷ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್). 2021ರ ಜುಲೈಗೆ ಫೆಲೋಶಿಪ್ ಮುಗಿಯಿತು. 2019ರಲ್ಲಿ ಪರಿಷ್ಕರಿಸಿದ ದರದಂತೆ ಎಸ್‌ಆರ್‌ಎಫ್‌ಗೆ ತಿಂಗಳಿಗೆ 35,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಫೀಲ್ಡ್‌ವರ್ಕ್ ಒಂದು ಋತು ತಪ್ಪಿದ್ದರಿಂದ ಅವಳು ಥೀಸಿಸ್ ಕೊಟ್ಟದ್ದು 2022ರ ಜೂನ್‌ಗೆ. ನಡುವಿನ ಹನ್ನೊಂದು ತಿಂಗಳು ಕಾನೂನಿನ ಪ್ರಕಾರ ಅವಳು ವಿದ್ಯಾರ್ಥಿನಿ, ಕೈಗೆ ಒಂದು ಪೈಸೆ ಇಲ್ಲ. 3,85,000 ರೂಪಾಯಿ, ಬಾಡಿಗೆ ಭತ್ಯೆ ಬಿಟ್ಟು. ಥೀಸಿಸ್ ಕೊಟ್ಟ ಮೇಲೂ ಹೊರಗಿನ ಪರೀಕ್ಷಕರ ವರದಿ ಬರಬೇಕು, ವೈವಾ (ಮೌಖಿಕ ಪರೀಕ್ಷೆ) ಆಗಬೇಕು, ಅಧಿಸೂಚನೆ ಹೊರಡಬೇಕು. ಆ ತಿಂಗಳುಗಳೂ ಖಾಲಿ ಜೇಬಿನವೇ. ಆ ಹೊತ್ತಿನಲ್ಲಿ ಯಾವುದೋ ಕಾಲೇಜಿನಲ್ಲಿ ಗೆಸ್ಟ್ ಆಗಿ ಸೇರಿಕೊಂಡರೆ ಬರೆಯಲು ಸಿಗುವುದು ರಾತ್ರಿ ಮಾತ್ರ, ಥೀಸಿಸ್ ಇನ್ನೂ ಹಿಂದೆ ಬೀಳುತ್ತದೆ.

ಬೇರೆ ದಾರಿ ಇರಲಿಲ್ಲವೆಂದೇನಲ್ಲ. ಬ್ರಿಟನ್ನಿನಲ್ಲಿ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಯುಕೆಆರ್‌ಐ 2020ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ವರ್ಷದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಆರು ತಿಂಗಳವರೆಗೆ ಸ್ಟೈಪೆಂಡ್ ಸಮೇತ ವಿಸ್ತರಣೆ ಘೋಷಿಸಿತು. ಸಮಯ ಕೊಡುವುದು, ಆ ಸಮಯದಲ್ಲಿ ಊಟಕ್ಕೆ ಕೊಡುವುದು ಎರಡೂ ಒಂದೇ ಆದೇಶದಲ್ಲಿ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲವಾದರೆ ವಿಸ್ತರಣೆಯಿಂದ ಉಪಯೋಗವಾಗುವುದು ಮನೆಯಲ್ಲಿ ಅನುಕೂಲ ಇದ್ದವರಿಗೆ.

ಫೆಲೋಶಿಪ್ ಇಲ್ಲದೆಯೇ ಪಿಎಚ್‌ಡಿ ಮಾಡುವವರ ಸಂಖ್ಯೆ ನಮ್ಮಲ್ಲಿ ದೊಡ್ಡದು ಎಂಬುದನ್ನೂ ಮರೆಯಬಾರದು. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ 2022ರ ಜನವರಿಯ ಪರಿಷ್ಕರಣೆಯವರೆಗೆ ತಿಂಗಳಿಗೆ 11,000ದಿಂದ 13,000. ಅಷ್ಟರಲ್ಲಿ ಸಂಸಾರ ತೂಗಿಸಿ ಸಂಶೋಧನೆಯನ್ನೂ ನಡೆಸುತ್ತಿದ್ದವರಿಗೆ ಕಾಲೇಜು ಮುಚ್ಚಿದ್ದು ಎಂಥ ಪೆಟ್ಟು ಎಂದು ವಿವರಿಸಬೇಕಿಲ್ಲ.

ಆಸ್ಪತ್ರೆ, ಲ್ಯಾಬು, ತಲಪಾಡಿ

ದೇರಳಕಟ್ಟೆ, ಮಣಿಪಾಲ, ಅತ್ತಾವರದ ಕಡೆಯ ಮೆಡಿಕಲ್ ಕಾಲೇಜುಗಳಲ್ಲಿ ಎಂಡಿ, ಎಂಎಸ್ ಓದುತ್ತಿದ್ದ ಪಿಜಿ ವೈದ್ಯರದು ಬೇರೆಯೇ ಸಂಕಟ. ಅವರ ಕೆಲಸ ನಿಲ್ಲಲಿಲ್ಲ, ಎರಡು ಪಟ್ಟಾಯಿತು, ನಿಂತದ್ದು ಥೀಸಿಸ್. 2020ರ ಮಾರ್ಚ್ ಕೊನೆಗೆ ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯನ್ನು ಕೋವಿಡ್‌ಗೆ ಮೀಸಲಿಟ್ಟರು, ಉಳಿದ ರೋಗಿಗಳು ಖಾಸಗಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿಗೆ ಹಂಚಿಹೋದರು. ಉಡುಪಿಯಲ್ಲಿ ಟಿಎಂಎ ಪೈ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದರು. ಮೊಣಕಾಲು ಬದಲಿಸಿಕೊಂಡವರ ಮೇಲೋ ಕಣ್ಣಿನ ಪೊರೆ ತೆಗೆಸಿಕೊಂಡವರ ಮೇಲೋ ಅಧ್ಯಯನ ಹಾಕಿಕೊಂಡಿದ್ದವರಿಗೆ ರೋಗಿಗಳೇ ಬರಲಿಲ್ಲ. ಇಷ್ಟು ರೋಗಿಗಳು ಬೇಕೆಂದು ಎಥಿಕ್ಸ್ ಕಮಿಟಿಗೆ ಬರೆದುಕೊಟ್ಟ ಸಂಖ್ಯೆ ಕಾಗದದಲ್ಲೇ ಉಳಿಯಿತು. ಸಂಖ್ಯೆ ಕಡಿಮೆ ಮಾಡಬೇಕೆಂದರೆ ಮತ್ತೆ ಅರ್ಜಿ, ಮತ್ತೆ ಮೀಟಿಂಗು, ಅದೂ ಪಿಪಿಇ ಕಿಟ್ಟಿನೊಳಗಿನ ಪಾಳಿಗಳ ನಡುವೆ. ಇದರ ಮೇಲೆ ಪಿಜಿ ಪ್ರವೇಶ ಪರೀಕ್ಷೆ ನೀಟ್ ಪಿಜಿ 2021 ಏಪ್ರಿಲ್ 18ರಿಂದ ಸೆಪ್ಟೆಂಬರ್ 11ಕ್ಕೆ ಹೋಯಿತು. ಹೊಸ ಬ್ಯಾಚ್ ಬರದೆ ಹಳೆಯ ಬ್ಯಾಚ್‌ಗೆ ಬಿಡುಗಡೆ ಇಲ್ಲ.

ಲ್ಯಾಬಿನಲ್ಲಿ ಪ್ರಯೋಗ ಮಾಡುವವರಿಗೂ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೂ ಆಗ ಬಿದ್ದ ಅಂತರ ಇನ್ನೂ ತುಂಬಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ ಸಿಮ್ಯುಲೇಶನ್ ಮಾಡುವವರು ಮನೆಯಿಂದಲೇ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮುಂದುವರಿಸಬಹುದಿತ್ತು. ಲೋಹದ ತುಂಡನ್ನು ಉಪಕರಣದ ಕೆಳಗಿಟ್ಟು ನೋಡಬೇಕಾದವರು ಉಪಕರಣದ ಕೋಣೆ ತೆರೆಯುವ ತನಕ ಕಾಯಬೇಕು. ಜೀವಕೋಶ ಬೆಳೆಸುವವರಿಗಂತೂ ಕಾಯುವುದೂ ಸಾಧ್ಯವಿಲ್ಲ. ಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಆಹಾರ ಬದಲಿಸಬೇಕು, ದ್ರವ ಸಾರಜನಕದ ಕ್ಯಾನ್ ಆರಿಹೋಗದಂತೆ ತುಂಬಿಸುತ್ತಿರಬೇಕು. ಪಾಸ್ ಹಿಡಿದು ಯಾರೋ ಒಬ್ಬರು ಹೋಗಿಬರದಿದ್ದರೆ ವರ್ಷಗಟ್ಟಲೆ ಕಾಪಾಡಿದ ಮಾದರಿ ಒಂದು ವಾರದಲ್ಲಿ ಹಾಳು.

ಗಡಿಯ ಸಮಸ್ಯೆ ಮಂಗಳೂರಿಗೆ ವಿಶೇಷ. ಕಾಸರಗೋಡು ಜಿಲ್ಲೆಯಿಂದ ಎಷ್ಟೋ ವಿದ್ಯಾರ್ಥಿಗಳು ದಿನಾ ಬಂದು ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದದ್ದು, ರೋಗಿಗಳಿಗೂ ದಾರಿ ಸಿಗದೆ ವಿಷಯ ಕೋರ್ಟ್ ಮೆಟ್ಟಿಲೇರಿದ್ದು ಎಲ್ಲರಿಗೂ ನೆನಪಿದೆ. 2021ರಲ್ಲೂ ತಲಪಾಡಿಯ ಗಡಿ ದಾಟಲು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಬೇಕೆಂದರು. ಗೈಡ್ ಸಹಿ ಒಂದಕ್ಕಾಗಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಫಲಿತಾಂಶಕ್ಕೆ ಕಾದು, ಬಸ್ಸು ಬದಲಿಸಿ ಬರುವುದು ಎಂದರೆ ತಮಾಷೆಯಲ್ಲ.

“ನೀನು ಹೇಗೂ ಮನೆಯಲ್ಲೇ ಇದ್ದೀಯಲ್ಲ”

ಹಾಸ್ಟೆಲ್ ಮುಚ್ಚಿದಾಗ ಹುಡುಗರೂ ಹುಡುಗಿಯರೂ ಮನೆಗೆ ಹೋದರು, ಆದರೆ ಹೋದದ್ದು ಒಂದೇ ಥರದ ಮನೆಗಲ್ಲ. ಲ್ಯಾಪ್‌ಟಾಪ್ ಎದುರು ಕೂತ ಮಗ ಓದುತ್ತಿದ್ದಾನೆ. ಅದೇ ಲ್ಯಾಪ್‌ಟಾಪ್ ಎದುರು ಕೂತ ಸೊಸೆಗೆ ಅತ್ತೆ ಒಳಗಿನಿಂದ ಕರೆಯುತ್ತಾರೆ: “ನೀನು ಹೇಗೂ ಮನೆಯಲ್ಲೇ ಇದ್ದೀಯಲ್ಲ ಮಾರಾಯ್ತಿ, ಅಕ್ಕಿ ಒಂಚೂರು ಕಡೆದಿಡು. ಆಮೇಲೆ ಬರಿ, ಅದು ಎಲ್ಲಿಗೆ ಓಡಿಹೋಗುತ್ತದೆ?” ಶಾಲೆ ಮುಚ್ಚಿದ್ದರಿಂದ ಮಗುವಿನ ಆನ್‌ಲೈನ್ ಕ್ಲಾಸೂ ಅವಳ ಪಾಲಿಗೇ. ಒಂದೇ ಮೊಬೈಲ್, ಒಂದೇ ಡಾಟಾ ಪ್ಯಾಕ್. ನೆಟ್‌ವರ್ಕಿನ ಸುದ್ದಿ ಬೇರೆ: ಸುಳ್ಯದ ಕಡೆ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ 2021ರ ಜೂನ್‌ನಲ್ಲಿ ದೇಶವೆಲ್ಲ ಓಡಾಡಿತ್ತು.

ಇದು ನಮ್ಮ ಮನೆಗಳ ಕಥೆ ಮಾತ್ರವಲ್ಲ. ಅಮೆರಿಕ, ಯುರೋಪಿನ ವಿಜ್ಞಾನಿಗಳನ್ನು 2020ರ ಏಪ್ರಿಲ್‌ನಲ್ಲಿ ಕೇಳಿದಾಗ ಸಂಶೋಧನೆಯ ಸಮಯವನ್ನು ಹೆಚ್ಚು ಕಳೆದುಕೊಂಡವರು ಮಹಿಳೆಯರು ಮತ್ತು ಚಿಕ್ಕ ಮಕ್ಕಳಿರುವವರು ಎಂದು ಕಂಡುಬಂತು. 2021ರ ಜನವರಿಯಲ್ಲಿ ಮತ್ತೆ ಕೇಳಿದಾಗ ಸಮಯ ಬಹುಮಟ್ಟಿಗೆ ಮರಳಿತ್ತು, ಆದರೆ ಹೊಸ ಯೋಜನೆಗಳನ್ನು ಶುರುಮಾಡುವುದು ಕಡಿಮೆಯಾಗಿತ್ತು. ಅದರಲ್ಲೂ ಹಿಂದೆ ಬಿದ್ದವರು ಇವರೇ.

ಹಾಗಾದರೆ ಎಲ್ಲರಿಗೂ ಒಂದೊಂದು ವರ್ಷ ಹೆಚ್ಚು ಕೊಟ್ಟರೆ ಸರಿಹೋಗುತ್ತದೆಯೇ? ಅಷ್ಟು ಸುಲಭವಲ್ಲ. ಅಮೆರಿಕದ ಅರ್ಥಶಾಸ್ತ್ರ ವಿಭಾಗಗಳಲ್ಲಿ ಮಗು ಹುಟ್ಟಿದಾಗ ತಾಯಿಗೂ ತಂದೆಗೂ ಹುದ್ದೆ ಕಾಯಂ ಆಗುವ ಗಡುವಿಗೆ ಸಮಾನವಾಗಿ ಒಂದು ವರ್ಷ ಹೆಚ್ಚುವರಿ ಕೊಟ್ಟ ಕಡೆ ಏನಾಯಿತು ಎಂದು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಗಂಡಸರ ಕಾಯಂ ಆಗುವ ಪ್ರಮಾಣ ಏರಿತು, ಹೆಂಗಸರದು ಇಳಿಯಿತು. ಸಿಕ್ಕಿದ ವರ್ಷವನ್ನು ಗಂಡಸರು ಪೇಪರ್ ಬರೆಯಲು ಬಳಸಿಕೊಂಡರು. ಹೆಂಗಸರಿಗೆ ಅದು ಆಗಲಿಲ್ಲ. 2020ರಲ್ಲಿ ಅಲ್ಲಿನ ಬಹಳ ವಿಶ್ವವಿದ್ಯಾಲಯಗಳು ಎಲ್ಲರಿಗೂ ಒಂದೇ ತೆರನಾಗಿ ವರ್ಷ ವಿಸ್ತರಿಸಿದಾಗ ಇದನ್ನು ನೆನಪಿಸಿದವರಿದ್ದರು.

ಪೆಟ್ಟು ಈಗ ಕಾಣುತ್ತಿದೆ

ತೆಂಗಿನ ತೋಟ ಇರುವವರಿಗೆ ಗೊತ್ತು, ಈ ಬೇಸಗೆಯಲ್ಲಿ ನೀರು ತಪ್ಪಿದರೆ ಕಾಯಿ ಕಡಿಮೆಯಾಗುವುದು ಮರುವರ್ಷ, ಅದರ ಮರುವರ್ಷ. ಸಂಶೋಧನೆಯದೂ ಇಂಥದೇ ತಡ. 2020ರಲ್ಲಿ ಸಿಗದ ದತ್ತಾಂಶ 2021ರಲ್ಲಿ ಬರೆಯದ ಪೇಪರ್ ಆಗುತ್ತದೆ, 2022–23ರಲ್ಲಿ ಪ್ರಕಟವಾಗದ ಪೇಪರ್ ಆಗುತ್ತದೆ, ಕೊನೆಗೆ ಇಂಟರ್‌ವ್ಯೂ ಮೇಜಿನ ಮೇಲೆ “ಈ ಮೂರು ವರ್ಷ ಏನು ಮಾಡುತ್ತಿದ್ದಿರಿ?” ಎಂಬ ಪ್ರಶ್ನೆಯಾಗುತ್ತದೆ. ಅಷ್ಟು ಹೊತ್ತಿಗೆ ಕೇಳುವವರಿಗೆ ಕೊರೋನಾ ಹಳೆಯ ಸುದ್ದಿ.

ಗೈಡ್‌ಗಳ ಕಡೆಯಿಂದ ನೋಡಿದರೆ ಸರಪಳಿ ಇನ್ನೂ ಉದ್ದ. ಆ ಎರಡು ವರ್ಷ ಪ್ರಾಧ್ಯಾಪಕರು ಆನ್‌ಲೈನ್ ಪಾಠ, ಮೌಲ್ಯಮಾಪನ, ಕೋವಿಡ್ ಡ್ಯೂಟಿಗಳಲ್ಲಿ ಮುಳುಗಿ ಹೊಸ ಪ್ರಾಜೆಕ್ಟ್‌ಗೆ ಅರ್ಜಿ ಹಾಕದಿದ್ದರೆ, ನಂತರದ ವರ್ಷಗಳಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆ ಇರುವುದಿಲ್ಲ. ಎಂಎಸ್ಸಿ ಮುಗಿಸಿದ ಹುಡುಗಿಗೆ ಲ್ಯಾಬಿಗೆ ಕಾಲಿಡಲು ಇದ್ದ ಬಾಗಿಲೇ ಅದು. ಕೊರೋನಾ ಕಾಲದಲ್ಲಿ ಸಂಶೋಧನೆಯ ಗೊಡವೆಯೇ ಇಲ್ಲದೆ ಪದವಿ ಓದುತ್ತಿದ್ದವಳ ವೃತ್ತಿಗೂ ಹೀಗೆ ಹೊಡೆತ ಬೀಳುತ್ತದೆ.

ಪರೀಕ್ಷೆ ಮತ್ತು ನೇಮಕಾತಿಯ ಗೊಂದಲ ಇದಕ್ಕೆ ಸೇರಿತು. ಅಧ್ಯಾಪಕರಾಗುವ ಅರ್ಹತೆಗೂ ಜೆಆರ್‌ಎಫ್‌ಗೂ ಬರೆಯುವ ಯುಜಿಸಿ ನೆಟ್ ಪರೀಕ್ಷೆ 2020ರ ಜೂನ್‌ನದು ಸೆಪ್ಟೆಂಬರ್‌ನಿಂದ ನವೆಂಬರ್ ತನಕ ನಡೆಯಿತು. ಆ ಡಿಸೆಂಬರ್‌ನ ಪರೀಕ್ಷೆಯನ್ನು 2021ರ ಜೂನ್‌ನದರ ಜೊತೆ ಸೇರಿಸಿ 2021ರ ನವೆಂಬರ್‌ನಲ್ಲಿ ಶುರುಮಾಡಿದರು. ಅಂದರೆ ಜೆಆರ್‌ಎಫ್‌ಗೆ ಇದ್ದ ಎರಡು ಅವಕಾಶ ಒಂದಾಯಿತು. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರಿಗೆ 2021ರ ಜುಲೈನಿಂದ ಪಿಎಚ್‌ಡಿ ಕಡ್ಡಾಯ ಎಂದಿದ್ದ ನಿಯಮವನ್ನು ಸಾಂಕ್ರಾಮಿಕದ ಕಾರಣ ಕೊಟ್ಟು 2023ರ ಜುಲೈಗೆ ಮುಂದೂಡಿದರು. 2023ರಲ್ಲಿ ಕಡ್ಡಾಯವೇ ಬೇಡ, ನೆಟ್ ಸಾಕು ಎಂದರು. ಕಡ್ಡಾಯವೆಂದು ನಂಬಿ ಅರೆಬೆಂದ ಥೀಸಿಸ್ಸನ್ನು ಓಡಿಸಿ ಮುಗಿಸಿದವರಿಗೆ ಈಗ ಏನೆನಿಸುತ್ತದೋ. ರಾಜ್ಯದಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಪರೀಕ್ಷೆ ನಡೆದದ್ದು 2022ರ ಮಾರ್ಚ್‌ನಲ್ಲಿ. ಇಂಥ ನೇಮಕಾತಿ ನಮ್ಮಲ್ಲಿ ವರ್ಷ ವರ್ಷ ಬರುವುದಿಲ್ಲ. ಆ ಹೊತ್ತಿಗೆ ಕೈಯಲ್ಲಿ ಪದವಿ ಇಲ್ಲದಿದ್ದರೆ, ಮುಂದಿನದು ಬರುವಾಗ ವಯಸ್ಸು ಇರುತ್ತದೆಯೋ ಇಲ್ಲವೋ.

ಲಾಭವಾದವರೂ ಇದ್ದಾರೆ, ಅದನ್ನೂ ಹೇಳಬೇಕು. ದತ್ತಾಂಶ ಮೊದಲೇ ಕೈಯಲ್ಲಿದ್ದವರು ಕೂತು ಬರೆದು ಮುಗಿಸಿದರು. ವೈರಾಣು, ಸಾಂಕ್ರಾಮಿಕ ರೋಗಶಾಸ್ತ್ರದವರಿಗೆ ಪೇಪರ್‌ಗಳ ಸುಗ್ಗಿ. ವೈವಾ ವಿಡಿಯೊದಲ್ಲಿ ಮಾಡಬಹುದು ಎಂದು ಯುಜಿಸಿ 2020ರ ಏಪ್ರಿಲ್‌ನಲ್ಲಿ ಹೇಳಿದ ಮೇಲೆ ಪರೀಕ್ಷಕರು ರೈಲು ಹತ್ತಿ ಬರುವ ತನಕ ಕಾಯುವುದು ತಪ್ಪಿತು. ವೀಸಾ, ವಿಮಾನದ ಖರ್ಚಿಲ್ಲದೆ ಕಾರ್ಕಳದ ಮನೆಯಿಂದಲೇ ಯುರೋಪಿನ ಸಮ್ಮೇಳನದಲ್ಲಿ ಪ್ರಬಂಧ ಓದುವುದು ಮೊದಲು ಊಹೆಗೂ ಬರುತ್ತಿರಲಿಲ್ಲ. ಆದರೆ ಊಟದ ಸಾಲಿನಲ್ಲಿ ಸಿಗುತ್ತಿದ್ದ ಪರಿಚಯ, ಅದರಿಂದ ಹುಟ್ಟುವ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಸುದ್ದಿ ಸ್ಕ್ರೀನಿನಲ್ಲಿ ಸಿಗುವುದಿಲ್ಲ. ವೆಬಿನಾರ್‌ಗಳ ಜಾತ್ರೆಯ ಬಗ್ಗೆ ಹೇಳದಿರುವುದೇ ವಾಸಿ. ಫೀಡ್‌ಬ್ಯಾಕ್ ಫಾರಂ ತುಂಬಿದರೆ ಸಾಕು, ಇ–ಸರ್ಟಿಫಿಕೇಟ್ ಬರುತ್ತಿತ್ತು. ಯಾವ ಇಂಟರ್‌ವ್ಯೂನಲ್ಲೂ ಅದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಈಗ ಅರ್ಜಿ ಹಾಕುತ್ತಿರುವವರು ಮಾಡಬಹುದಾದ ಒಂದು ಕೆಲಸವಿದೆ. ಸಿವಿಯಲ್ಲಿ ಆ ವರ್ಷಗಳನ್ನು ಖಾಲಿ ಬಿಡಬೇಡಿ, ಗೋಳನ್ನೂ ತೋಡಿಕೊಳ್ಳಬೇಡಿ. ನಾಲ್ಕು ಸಾಲು ಸಾಕು: ಯಾವ ತಿಂಗಳಿಂದ ಯಾವ ತಿಂಗಳವರೆಗೆ ಏನು ಮುಚ್ಚಿತ್ತು, ಅದರಿಂದ ಯಾವ ಋತುವಿನ ಯಾವ ಕೆಲಸ ತಪ್ಪಿತು, ಬದಲಿಗೆ ಏನು ಮಾಡಿದಿರಿ, ಥೀಸಿಸ್‌ನ ವ್ಯಾಪ್ತಿ ಹೇಗೆ ಬದಲಾಯಿತು. “ಕೋವಿಡ್‌ನಿಂದ ತಡವಾಯಿತು” ಎಂದರೆ ನೆಪವೆಂದು ಕೇಳಿಸುತ್ತದೆ. “2020 ಮತ್ತು 2021ರ ತಿರುಗಾಟ ಅರ್ಧಕ್ಕೆ ನಿಂತಿತು, ಆದ್ದರಿಂದ ಹಳೆಯ ಧ್ವನಿಮುದ್ರಿಕೆಗಳನ್ನು ಆಧರಿಸಿ ಎರಡು ಅಧ್ಯಾಯ ಬರೆದೆ” ಎಂದರೆ ಮಂಡಳಿಯವರು ಮುಂದಿನ ಪ್ರಶ್ನೆಯನ್ನು ಆ ಅಧ್ಯಾಯಗಳ ಬಗ್ಗೆ ಕೇಳುತ್ತಾರೆ. ಜೊತೆಗೆ ವಿಶ್ವವಿದ್ಯಾಲಯ ಕೊಟ್ಟ ವಿಸ್ತರಣೆ ಆದೇಶ, ಗೈಡ್‌ನಿಂದ ಒಂದು ಪುಟದ ಪತ್ರ, ಯುಜಿಸಿ ಸುತ್ತೋಲೆಯ ಪ್ರತಿ ಇರಲಿ. ಫೆಲೋಶಿಪ್ ಐದೇ ವರ್ಷ ಎಂಬ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿಡಿ; ಆಯ್ಕೆ ಮಂಡಳಿಯಲ್ಲಿ ಕೂತ ಹಿರಿಯರಲ್ಲಿ ಹಲವರು ಅದನ್ನು ಓದಿರುವುದಿಲ್ಲ.